ಜೈಲೊಳಗಿನ ನಾಯಿಶಾಲೆ

1981. ಅಮೆರಿಕದ ವಾಷಿಂಗ್ಟನ್ ರಾಜ್ಯ, ಗಿಗ್ ಹಾರ್ಬರ್‌ನ ಮಹಿಳಾ ಜೈಲು. ಇಲ್ಲಿ ಕೈದಿಗಳಿಗೆ ನಾಯಿ ಕೊಡೋಣ ಅಂದವರು ಪಾಲಿನ್ ಕ್ವಿನ್. ಚಿಕ್ಕ ವಯಸ್ಸಲ್ಲೇ ಮನೆ ಬಿಟ್ಟು ಓಡಿ, ಬೀದಿಯನ್ನೂ ಬೀಗವನ್ನೂ ಕಂಡಿದ್ದವರು. ಅವರಿಗೆ ಮತ್ತೆ ಧೈರ್ಯ ಕೊಟ್ಟಿದ್ದು ಒಂದು ಜರ್ಮನ್ ಶೆಫರ್ಡ್ ನಾಯಿ. ಪಶುವೈದ್ಯ ಪ್ರೊಫೆಸರ್ ಲಿಯೋ ಬುಸ್ಟಾಡ್ ಅವರ ಬೆನ್ನಿಗೆ ನಿಂತ್ರು.

ಯಾರಿಗೂ ಬೇಡವಾಗಿದ್ದ ನಾಯಿಗಳು ಜೈಲಿಗೆ ಬಂದವು. ಬಿದ್ದ ವಸ್ತು ಎತ್ತಿಕೊಡೋದು, ಬಾಗಿಲು ತೆಗೆಯೋದು, ಇಂಥದ್ದನ್ನೆಲ್ಲ ಕೈದಿಗಳು ಕಲಿಸಿದ್ರು. ಬೈದು ಹೊಡೆದು ಆಗೋ ಕೆಲಸ ಅಲ್ಲ ಇದು, ದಿನಾ ತಾಳ್ಮೆ ಬೇಕು. ಕಲಿತ ನಾಯಿ ಅಂಗವಿಕಲರ ಮನೆ ಸೇರ್ತಿತ್ತು.

ಕಷ್ಟದ ಪಾಠ ಕೊನೇದು. ಮುದ್ದಿನ ನಾಯಿ ಗೇಟು ದಾಟಿ ಹೋಗುತ್ತೆ, ಕಲಿಸಿದವಳು ಒಳಗೇ ಉಳೀತಾಳೆ. ಆದ್ರೆ ‘ಇವಳಿಂದ ಯಾರಿಗೆ ಉಪಯೋಗ?’ ಅನ್ನೋ ಊರಿಗೆ ಉತ್ತರ ಆ ನಾಯೀನೇ.

ನೀವಾಗಿದ್ರೆ ಬಿಟ್ಟುಕೊಡ್ತಿದ್ರಾ? ಕಾಮೆಂಟ್‌ನಲ್ಲಿ ಹೇಳಿ.