ಗೇಮ್‌ಗಿಂತ ಮೊದಲೇ ಬಂದ ಪೋಸ್ಟರ್

ಪಿಲ್ಲಗುಂಪೆಯಿಂದ ಮಾತಾಡ್ತಿದ್ದೀನಿ. ಹೊಸಕೋಟೆ ಪಕ್ಕದ ಇಂಡಸ್ಟ್ರಿಯಲ್ ಏರಿಯಾ. ಇಲ್ಲಿ ಶಿಫ್ಟ್ ಮುಗಿಸಿ ಬಂದ ನಾಲ್ಕು ಹುಡುಗರು ರೂಮಿನ ಗೋಡೆಗೆ ಒರಗಿ, ಫೋನ್ ಅಡ್ಡ ಹಿಡಿದು ಕೂತಿದ್ದಾರೆ ಅಂದ್ರೆ ಏನು ನಡೀತಿದೆ ಅಂತ ಕೇಳಬೇಕಿಲ್ಲ.

2020ರ ಸೆಪ್ಟೆಂಬರ್ 2. ಗಲ್ವಾನ್ ಘರ್ಷಣೆ ನಡೆದು ಎರಡೂವರೆ ತಿಂಗಳಾಗಿತ್ತು. ಕೇಂದ್ರ ಸರ್ಕಾರ ಅವತ್ತು 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಪ್ಲೇ ಸ್ಟೋರ್‌ನಿಂದ ಗೇಮ್ ಮಾಯ. ಅಕ್ಟೋಬರ್ 30ಕ್ಕೆ ಸರ್ವರ್ ಕೂಡ ಬಂದ್.

ನಿಷೇಧ ಆಗಿ ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ಒಂದು ಪೋಸ್ಟರ್ ಟ್ವೀಟ್ ಮಾಡಿದರು. ಹೆಸರು ಫೌಜಿ. ಮಾಡ್ತಿರೋದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ 20ರಷ್ಟು 'ಭಾರತ್ ಕೆ ವೀರ್' ಟ್ರಸ್ಟ್‌ಗೆ ಅಂತ ಘೋಷಣೆ. ಆ ಪೋಸ್ಟರ್ ಚಿತ್ರದ ಬಗ್ಗೆ ಜನ ಪ್ರಶ್ನೆ ಎತ್ತಿದಾಗ ಕಂಪನಿಯೇ ಸ್ಪಷ್ಟನೆ ಕೊಟ್ಟಿತು: ಅದು ಶಟರ್‌ಸ್ಟಾಕ್‌ನಿಂದ ಲೈಸೆನ್ಸ್ ಪಡೆದು ಬಳಸಿದ ಚಿತ್ರ, ಗೇಮ್‌ನೊಳಗಿನ ದೃಶ್ಯ ಅಲ್ಲ. ಅಂದ್ರೆ ನೋಡಿ, ಅವತ್ತು ದೇಶವೆಲ್ಲ ಶೇರ್ ಮಾಡಿದ ಚಿತ್ರದಲ್ಲಿ ಗೇಮ್ ಇರಲೇ ಇಲ್ಲ.

ಇದೇನು ಮೋಸ ಅಂತ ನಾನು ಹೇಳ್ತಿಲ್ಲ. ಟಾಕೀಸ್ ಗೋಡೆ ಮೇಲೆ 'ಅತಿ ಶೀಘ್ರದಲ್ಲಿ' ಅಂತ ಪೋಸ್ಟರ್ ಅಂಟಿಸೋದು ನಮಗೇನು ಹೊಸದಲ್ಲ. ಆದರೆ ಗೇಮ್‌ಗಳ ವಿಷಯದಲ್ಲಿ ಈ ಅಭ್ಯಾಸ ಹೇಗೆ ಬೆಳೀತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಒಂದು ಕಾಲಕ್ಕೆ ಗೇಮ್‌ಗೆ ಪಕ್ಕಾ ರಿಲೀಸ್ ದಿನಾಂಕ ಅನ್ನೋದೇ ಅಪರೂಪ. ಒಂದೂರಿನ ಅಂಗಡಿಗೆ ಇವತ್ತು ಬಂದರೆ ಇನ್ನೊಂದೂರಿಗೆ ಮುಂದಿನ ವಾರ. 1992ರ ನವೆಂಬರ್ 24, ಮಂಗಳವಾರ, ಸೆಗಾ ಕಂಪನಿ 'ಸೋನಿಕ್ 2' ಗೇಮನ್ನು ಅಮೆರಿಕ, ಯುರೋಪ್ ಎರಡೂ ಕಡೆ ಒಂದೇ ದಿನ ಇಳಿಸಿತು. ದಿನಾಂಕವನ್ನೇ ಜಾಹೀರಾತು ಮಾಡಿಕೊಂಡಿತು. ಆಮೇಲೆ ಗೇಮ್ ರಿಲೀಸ್ ಅಂದ್ರೆ ಹಬ್ಬ.

ಇನ್ನೊಂದು ದಾರಿಯೂ ಇತ್ತು, ನನಗೆ ಇಷ್ಟವಾಗೋದು ಅದೇ. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ತನ್ನ 'ಡೂಮ್' ಗೇಮ್‌ನ ಮೊದಲ ಭಾಗವನ್ನು ಪುಕ್ಕಟೆ ಕೊಟ್ಟಿತು. ಆಡು, ಫ್ರೆಂಡ್‌ಗೂ ಕಾಪಿ ಮಾಡಿ ಕೊಡು. ಹಿಡಿಸಿದರೆ ಉಳಿದ ಎರಡು ಭಾಗ ದುಡ್ಡು ಕೊಟ್ಟು ತಗೋ. ನಮ್ಮ ದೇಶದಲ್ಲೂ 'ಡಿಜಿಟ್'ನಂಥ ಕಂಪ್ಯೂಟರ್ ಪತ್ರಿಕೆಗಳ ಜೊತೆ ಸಿಡಿ ಬರ್ತಿತ್ತು, ಅದರಲ್ಲಿ ಡೆಮೊಗಳು. ಕೊಳ್ಳೋ ಯೋಗ್ಯತೆ ಇಲ್ಲದಿದ್ದರೂ ಒಂದು ಲೆವೆಲ್ ಆಡಿದ ಖುಷಿ ಸಿಗ್ತಿತ್ತು. ಸಂತೆಯಲ್ಲಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ರುಚಿ ನೋಡಿದ ಹಾಗೆ.

ಈಗ ಫೌಜಿಗೆ ವಾಪಸ್ ಬರೋಣ. ಅಕ್ಟೋಬರ್ 25, ದಸರಾ ದಿನ ಟೀಸರ್ ಬಂತು. ನವೆಂಬರ್‌ನಲ್ಲಿ ಗೇಮ್ ಅಂದ್ರು. ನವೆಂಬರ್ 30ಕ್ಕೆ ಬಂದಿದ್ದು ಗೇಮ್ ಅಲ್ಲ, ಪ್ಲೇ ಸ್ಟೋರ್‌ನಲ್ಲಿ ಪ್ರೀ-ರಿಜಿಸ್ಟರ್ ಬಟನ್. 24 ಗಂಟೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಒತ್ತಿದರು. ನಾನೂ ಒತ್ತಿದೆ. ಎಷ್ಟು ಜನ ಒತ್ತಿದರು ಅನ್ನೋದೇ ಮರುದಿನದ ಸುದ್ದಿ. ಆ ಸುದ್ದಿ ಓದಿ ಇನ್ನಷ್ಟು ಜನ ಒತ್ತಿದರು. ಡೆಮೊ ಕಾಲದಲ್ಲಿ ಕಂಪನಿ ಮೊದಲು ಕೊಡ್ತಿತ್ತು, ನಾವು ಆಮೇಲೆ ಕೊಡ್ತಿದ್ದೆವು. ಇಲ್ಲಿ ಉಲ್ಟಾ. ಆಡದೇ ಇರೋ ಗೇಮ್‌ಗೆ ನಮ್ಮ ಒಂದು ಒತ್ತು ಕೊಟ್ಟು, ನಾವೇ ಅದರ ಪೋಸ್ಟರ್ ಆದೆವು.

2021ರ ಜನವರಿ 26ಕ್ಕೆ ಗೇಮ್ ಬಂತು. ಒಬ್ಬರೇ ಆಡುವ ಕತೆ ಮಾತ್ರ, ಗಲ್ವಾನ್ ಹಿನ್ನೆಲೆ, ಹೆಚ್ಚಾಗಿ ಕೈಕೈ ಮಿಲಾಯಿಸೋ ಹೊಡೆದಾಟ. ಇದು ಪಬ್‌ಜಿಗೆ ಪೈಪೋಟಿ ಅಲ್ಲ ಅಂತ ಕಂಪನಿ ಹೇಳಿದ್ದೂ ಉಂಟು. ಆದರೆ ನಿಷೇಧದ ಎರಡನೇ ದಿನವೇ ಪೋಸ್ಟರ್ ಬಿಟ್ಟ ಮೇಲೆ ಜನ ಇನ್ನೇನು ಅಂದ್ಕೋತಾರೆ? ಪ್ಲೇ ಸ್ಟೋರ್ ರೇಟಿಂಗ್ ಕೆಲವೇ ದಿನಗಳಲ್ಲಿ ಮೂರರ ಆಸುಪಾಸಿಗೆ ಜಾರಿತು. ಆ ಗೇಮ್ ಅಷ್ಟು ಕೆಟ್ಟದಾಗಿತ್ತು ಅಂತ ನನಗನ್ನಿಸಲ್ಲ. ಸಣ್ಣ ತಂಡದ ಸಣ್ಣ ಗೇಮ್. ಐದು ತಿಂಗಳು ದೇಶಪ್ರೇಮದ ಗಾಳಿ ತುಂಬಿದ ಬಲೂನಿನೊಳಗೆ ಸಿಕ್ಕಿಹಾಕಿಕೊಂಡಿತು, ಅಷ್ಟೇ.

ಅದೇ ವರ್ಷ ಮೇ 6ರಂದು ಕ್ರಾಫ್ಟನ್ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದ್ರೆ ಬಿಜಿಎಂಐ ಘೋಷಿಸಿತು. ಇಲ್ಲಿ ತಮಾಷೆ ಏನಂದ್ರೆ, ಹಳೇ ಹೆಸರು ಹೇಳೋ ಹಾಗಿಲ್ಲ. ಹಾಗಾಗಿ ಟೀಸರ್‌ನಲ್ಲಿ ಲೆವೆಲ್ 3 ಬ್ಯಾಗ್ ತೋರಿಸಿದರು. ಗೊತ್ತಿದ್ದವರಿಗೆ ಅಷ್ಟು ಸಾಕು. ಯೂಟ್ಯೂಬರ್‌ಗಳು ಒಂದೊಂದು ಫೋಟೋ ಇಟ್ಕೊಂಡು ಹತ್ತತ್ತು ನಿಮಿಷ ಮಾತಾಡಿದರು. ಕಂಪನಿ ಬಾಯಿ ಬಿಡದ ಮಾತನ್ನ ಆಟಗಾರರೇ ಊರಿಗೆಲ್ಲ ಸಾರಿದರು. ಮೇ 18ಕ್ಕೆ ಪ್ರೀ-ರಿಜಿಸ್ಟರ್ ಶುರು. ಮೊದಲ ದಿನವೇ 76 ಲಕ್ಷ, ಎರಡು ವಾರದಲ್ಲಿ 2 ಕೋಟಿ ಅಂತ ಕ್ರಾಫ್ಟನ್ ಲೆಕ್ಕ ಕೊಟ್ಟಿತು. ಜುಲೈ 2ಕ್ಕೆ ಗೇಮ್ ಅಧಿಕೃತವಾಗಿ ಬಂತು. ಮುಂದಿನ ವರ್ಷ ಜುಲೈನಲ್ಲಿ ಅದನ್ನೂ ತೆಗೆದರು, 2023ರ ಮೇನಲ್ಲಿ ವಾಪಸ್ ಬಂತು. ಅದು ಬೇರೆ ಎಪಿಸೋಡ್.

ಆ ಮೇ ತಿಂಗಳ ಒಂದು ಸಂಜೆ ನೆನಪಿದೆ. ಲಾಕ್‌ಡೌನ್, ರೂಮಿನಲ್ಲೇ ಕೂತಿದ್ದೀವಿ. ಪಕ್ಕದ ರೂಮಿನ ಹುಡುಗ ಫೋನ್ ಹಿಡ್ಕೊಂಡು ಓಡಿ ಬಂದ.

"ಅಣ್ಣಾ, ಬಟನ್ ಬಂತು, ಒತ್ತು."

"ಒತ್ತಿದ್ರೆ ಏನೋ ಸಿಗುತ್ತೆ?"

"ಮಾಸ್ಕ್ ಕೊಡ್ತಾರಂತೆ ಅಣ್ಣಾ. ಗೇಮ್ ಒಳಗೆ."

ಹೊರಗೆ ಕೊರೊನಾ ಎರಡನೇ ಅಲೆ. ನಕ್ಕೆ. ನಕ್ಕೊಂಡೇ ಒತ್ತಿದೆ.