ಬಿಡುವಿನ ಗಣಕಕ್ಕೆ ಹಲವು ಪಾಲುದಾರರು

(ಬಾನುಲಿ ಭಾಷಣ)

ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ಗಣಕಯಂತ್ರಗಳು ದಿನದ ಬಹುಭಾಗವನ್ನು ಸುಮ್ಮನೆ ಕಳೆಯುತ್ತವೆ. ನಾವು ಕಾಗದ ಬರೆಯುತ್ತ ಒಂದಕ್ಷರದಿಂದ ಇನ್ನೊಂದಕ್ಷರಕ್ಕೆ ಹೋಗುವಷ್ಟರಲ್ಲಿ ಅವು ಲಕ್ಷಾಂತರ ಲೆಕ್ಕಗಳನ್ನು ಮಾಡಿ ಮುಗಿಸಬಲ್ಲವು. ಹೀಗೆ ಪೋಲಾಗುವ ಹೊತ್ತನ್ನು ವಿಜ್ಞಾನಕ್ಕೆ ದಾನವಾಗಿ ಪಡೆದ ಕಥೆ ದೊಡ್ಡದು. ಅದರಲ್ಲಿ ನಾನಿಂದು ಆರಿಸಿಕೊಂಡಿರುವುದು ಒಂದು ಸಣ್ಣ ಪ್ರಕರಣವನ್ನು ಮಾತ್ರ: ಆ ದಾನಕ್ಕೆ ಕೈಯೊಡ್ಡುವವರು ಹಲವರಾದಾಗ ಪಾಲು ಮಾಡಿದ ಬಗೆಯನ್ನು.

ಮೊದಮೊದಲು ಪಾಲಿನ ಮಾತೇ ಇರಲಿಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಅವರು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ಆಸಕ್ತರ ಯಂತ್ರಗಳನ್ನು ಒಟ್ಟುಗೂಡಿಸಿದರು. 1999ರ ಮೇ 17ರಂದು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 'ಸೆಟಿ ಅಟ್ ಹೋಮ್' ಯೋಜನೆಯನ್ನು ತೆರೆಯಿತು. ಪ್ಯೂರ್ಟೊ ರಿಕೊ ದ್ವೀಪದ ಅರೆಸಿಬೊದಲ್ಲಿದ್ದ, 305 ಮೀಟರ್ ಅಗಲದ ರೇಡಿಯೋ ದೂರದರ್ಶಕ ಆಲಿಸಿದ ಆಕಾಶದ ಗದ್ದಲವನ್ನು ತುಣುಕು ತುಣುಕಾಗಿ ಮನೆಮನೆಗೆ ಕಳುಹಿಸುವುದು, ಅದರಲ್ಲಿ ಬುದ್ಧಿಜೀವಿಗಳ ಸುಳಿವನ್ನು ಹುಡುಕುವುದು—ಇದು ಅದರ ಉದ್ದೇಶ. (ಬುದ್ಧಿಜೀವಿಗಳೆಂದರೆ ಇಲ್ಲಿನವರಲ್ಲ, ಅನ್ಯಲೋಕದವರು!) ವರ್ಷಗಳು ಕಳೆದಂತೆ ಅದಕ್ಕೆ ಹೆಸರು ಕೊಟ್ಟವರ ಸಂಖ್ಯೆ 50 ಲಕ್ಷವನ್ನು ದಾಟಿತು.

ಆಗ ಯಾರೂ ಎಣಿಸದಿದ್ದ ತೊಂದರೆಯೊಂದು ಹುಟ್ಟಿತು. ದಾನಿಗಳು ಹೆಚ್ಚಾದರು, ಕೆಲಸ ಕಡಿಮೆಯಾಯಿತು. ಮಾಡಿ ಮುಗಿಸಿದ ತುಣುಕನ್ನೇ ಮತ್ತೆ ಮತ್ತೆ ಹಂಚಬೇಕಾಯಿತು. ಬರ್ಕ್ಲಿಯ ಯಂತ್ರ ಕೆಟ್ಟು ನಿಂತ ದಿನ ಸಾವಿರಾರು ಮನೆಗಳ ಯಂತ್ರಗಳು ಕೈಕಟ್ಟಿ ಕುಳಿತವು. ಅತ್ತ ಹವಾಮಾನ, ಪ್ರೋಟೀನು, ನಕ್ಷತ್ರಗಳನ್ನು ಕುರಿತು ದುಡಿಯುತ್ತಿದ್ದ ವಿಜ್ಞಾನಿಗಳು ಗಣನೆಯ ಶಕ್ತಿಯಿಲ್ಲದೆ ಪರದಾಡುತ್ತಿದ್ದರು. ಒಂದೇ ಹೊಲಕ್ಕೆ ಕೆರೆಯ ನೀರೆಲ್ಲ ಹರಿದಂತಾಯಿತು. ಸೆಟಿ ಯೋಜನೆಯ ನಿರ್ದೇಶಕರಲ್ಲೊಬ್ಬರಾದ ಡೇವಿಡ್ ಆಂಡರ್ಸನ್ ಅವರು 2002ರಲ್ಲಿ 'ಬಾಯಿಂಕ್' ಎಂಬ ಸಾಮಾನ್ಯ ವೇದಿಕೆಯನ್ನು ಕಟ್ಟಲಾರಂಭಿಸಿದುದು ಈ ಹಿನ್ನೆಲೆಯಲ್ಲಿ. 2004ರಲ್ಲಿ ಸೆಟಿ ಅದಕ್ಕೆ ಬಂದಿತು. ಆಕ್ಸ್‌ಫರ್ಡಿನ ಹವಾಮಾನ ಯೋಜನೆಯೂ ಬಂದಿತು. 2005ರಲ್ಲಿ ಗುರುತ್ವ ತರಂಗಗಳನ್ನು ಅರಸುವ 'ಐನ್‌ಸ್ಟೈನ್ ಅಟ್ ಹೋಮ್' ಸೇರಿಕೊಂಡಿತು.

ಬಾಯಿಂಕಿನಲ್ಲಿ ದಾನಿ ಪ್ರತಿಯೊಂದು ಯೋಜನೆಗೂ ಒಂದು ಅಂಕಿಯನ್ನು ಗೊತ್ತುಮಾಡುತ್ತಾನೆ. ಏನೂ ಹೇಳದಿದ್ದರೆ ಅದು 100. ಈ ಅಂಕಿ ಶೇಕಡಾ ಲೆಕ್ಕವಲ್ಲ, ಪಾಲಿನ ತೂಕ. ಸೆಟಿಗೆ 200, ಹವಾಮಾನಕ್ಕೆ 100, ಐನ್‌ಸ್ಟೈನಿಗೆ 100 ಎಂದಿಟ್ಟರೆ, ಹಗಲಿರುಳು ನಡೆಯುವ ಯಂತ್ರದಲ್ಲಿ ಮೊದಲನೆಯದಕ್ಕೆ 12 ಗಂಟೆ, ಉಳಿದೆರಡಕ್ಕೆ ಆರಾರು ಗಂಟೆ. ಗಂಟೆಗೊಮ್ಮೆ ಸರದಿ ಬದಲಾಗುವುದು ವಾಡಿಕೆ. ಯಾರಿಗೆ ಸಲ್ಲಬೇಕಾದುದು ಸಂದಿಲ್ಲವೋ ಅವರ ಹೆಸರಿನಲ್ಲಿ ಯಂತ್ರ ಬಾಕಿ ಬರೆದುಕೊಳ್ಳುತ್ತಿತ್ತು. ಇದಕ್ಕೆ ನಿರ್ಮಾಪಕರು ಇಟ್ಟ ಹೆಸರು 'ಸಾಲ'. ಅದರಲ್ಲಿಯೂ ಅಲ್ಪಾವಧಿಯ ಸಾಲ, ದೀರ್ಘಾವಧಿಯ ಸಾಲ ಎಂದು ಎರಡು ಬಗೆ. ಜೀವವಿಲ್ಲದ ಪೆಟ್ಟಿಗೆಯೊಂದು ಋಣಪ್ರಜ್ಞೆಯಿಂದ ನಡೆದುಕೊಳ್ಳುವುದನ್ನು ನೆನೆದರೆ ನನಗೆ ಇಂದಿಗೂ ನಗೆ ಬರುತ್ತದೆ, ಸ್ವಲ್ಪ ಗೌರವವೂ ಮೂಡುತ್ತದೆ.

ಲೆಕ್ಕ ಸರಳವಾಗಿ ಕಂಡರೂ ಒಂದು ಕಡೆ ಮುಗ್ಗರಿಸಿತು. ಪಡೆದ ಪ್ರತಿಯೊಂದು ಕೆಲಸಕ್ಕೂ ಒಪ್ಪಿಸುವ ಗಡುವುಂಟು. ಐನ್‌ಸ್ಟೈನ್ ಯೋಜನೆಯ ಕೆಲಸ ಕೆಲವು ಗಂಟೆಗಳದು, ಗಡುವು ಒಂದೆರಡು ವಾರಗಳದು. ಹವಾಮಾನದ ಒಂದೊಂದು ಮಾದರಿಯೂ ವಾರಗಟ್ಟಲೆ, ತಿಂಗಳುಗಟ್ಟಲೆ ಓಡತಕ್ಕದ್ದು. ದಿನಕ್ಕೆ ಎರಡು ಗಂಟೆ ಮಾತ್ರ ನಡೆಯುವ ಯಂತ್ರ ಪಾಲಿನ ನ್ಯಾಯವನ್ನೇ ಹಿಡಿದು ಕುಳಿತರೆ ಗಡುವು ತಪ್ಪುತ್ತದೆ, ಮಾಡಿದ ದುಡಿಮೆ ಯಾರಿಗೂ ಒದಗದೆ ಹೋಗುತ್ತದೆ. ದಾನಿಯ ಇಚ್ಛೆ ದೊಡ್ಡದೋ, ಕೊಟ್ಟ ಮಾತು ದೊಡ್ಡದೋ? ಮಾತೇ ದೊಡ್ಡದೆಂದು ನಿರ್ಮಾಪಕರು ತೀರ್ಮಾನಿಸಿದರು. ಗಡುವು ತಪ್ಪುವ ಭಯವಿದ್ದಾಗ ಸರದಿಯನ್ನು ಬದಿಗಿಟ್ಟು ಆ ಕೆಲಸವನ್ನೇ ಮುಗಿಸುವುದು. ಹಾಗೆ ಹೆಚ್ಚಾಗಿ ಉಂಡ ಯೋಜನೆಯಿಂದ, ಉಳಿದವು ಸರಿದೂಗುವವರೆಗೆ, ಹೊಸ ಕೆಲಸವನ್ನು ತರದಿರುವುದು. ಪ್ರತಿ ಗಂಟೆಯೂ ಇಣುಕಿ ನೋಡಿ 'ನನ್ನ ಪಾಲು ಕೆಟ್ಟಿತು' ಎಂದು ಗೊಣಗಿ, ಅಂಕಿಗಳನ್ನು ತಿದ್ದುತ್ತ ಕುಳಿತವರಿಗೆ ಇದು ಅರ್ಥವಾಗಲಿಲ್ಲ. ಈ ನ್ಯಾಯ ದಿನದ ಲೆಕ್ಕದಲ್ಲಿ ಕಾಣುವುದಲ್ಲ, ವಾರಗಳ ಲೆಕ್ಕದಲ್ಲಿ ಕಾಣುವುದು.

2009ರ ವೇಳೆಗೆ ಚಿತ್ರಸಂಸ್ಕಾರಕಗಳೂ ಈ ದುಡಿಮೆಗೆ ಇಳಿದವು. ಅವುಗಳ ಒಂದು ಗಂಟೆ ಸಾಮಾನ್ಯ ಸಂಸ್ಕಾರಕದ ಹಲವು ಗಂಟೆಗಳಿಗೆ ಸಮ. ಹಾಗಾದಮೇಲೆ ಗಂಟೆಗಳನ್ನು ಹಂಚಿದರೆ ನ್ಯಾಯವಾದೀತೆ? 2012ರ ಏಳನೆಯ ಆವೃತ್ತಿ ಸಾಲದ ಪುಸ್ತಕವನ್ನೇ ಮುಚ್ಚಿತು. ಹೊತ್ತಿಗೆ ಬದಲಾಗಿ ಮಾಡಿದ ಗಣನೆಯ ಅಂದಾಜನ್ನು ಅಳೆಯತೊಡಗಿತು. ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದು: ಹಳೆಯ ದುಡಿಮೆಯ ನೆನಪು 10 ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುವಂತೆ ಏರ್ಪಡಿಸಲಾಯಿತು. ತಿಂಗಳ ಹಿಂದೆ ಒಬ್ಬರು ಹೆಚ್ಚು ಪಡೆದಿದ್ದರೆ ಇಂದು ಅದರ ಎಂಟನೆಯ ಒಂದು ಭಾಗವಷ್ಟೇ ಲೆಕ್ಕಕ್ಕೆ. ತೀರದ ಬಾಕಿಯನ್ನು ಹೊತ್ತು ತಿರುಗುವುದಕ್ಕಿಂತ ಮರೆಯಬೇಕಾದುದನ್ನು ಮರೆಯುವ ಈ ಏರ್ಪಾಡೇ ಮೇಲೆಂದು ನನ್ನ ಅಭಿಪ್ರಾಯ. ಅಂಕಿಗಳಲ್ಲಿ ಸೊನ್ನೆಗೂ ಒಂದು ಅರ್ಥ ದೊರಕಿತ್ತು: ಉಳಿದ ಯಾರಲ್ಲಿಯೂ ಕೆಲಸವಿಲ್ಲದಾಗ ಮಾತ್ರ ಇವರ ಬಾಗಿಲು ತಟ್ಟು ಎಂದು.

2020ರ ಮಾರ್ಚ್ 31ರಂದು ಸೆಟಿ ಯೋಜನೆ ಕೆಲಸ ಹಂಚುವುದನ್ನು ನಿಲ್ಲಿಸಿತು. ಪ್ರಪಂಚವೆಲ್ಲ ಕೋವಿಡ್ಡಿನ ಭಯದಲ್ಲಿ ಬಾಗಿಲು ಮುಚ್ಚಿಕೊಂಡಿದ್ದ ದಿನಗಳು ಅವು. ಹಲವು ಯೋಜನೆಗಳಿಗೆ ಹೆಸರು ಕೊಟ್ಟಿದ್ದವರು ಬೆರಳನ್ನೂ ಎತ್ತಬೇಕಾಗಲಿಲ್ಲ. ಸೆಟಿಯ ಪಾಲು ತಾನಾಗಿಯೇ ಉಳಿದವುಗಳಿಗೆ ಅವುಗಳ ತೂಕದಂತೆ ಹಂಚಿಹೋಯಿತು. ರೋಗಾಣುವಿನ ಪ್ರೋಟೀನುಗಳನ್ನು ಅಭ್ಯಸಿಸುತ್ತಿದ್ದ 'ರೊಸೆಟ್ಟ ಅಟ್ ಹೋಮ್' ಪಟ್ಟಿಯಲ್ಲಿದ್ದವರ ಯಂತ್ರ ಅದಕ್ಕೆ ಹೆಚ್ಚು ದುಡಿಯಿತು. ಸೆಟಿಯೊಂದನ್ನೇ ನಂಬಿದ್ದವರ ಯಂತ್ರ, ಅವರು ಬೇರೊಂದನ್ನು ಆರಿಸಿಕೊಳ್ಳುವವರೆಗೆ, ಬರಿದೆ ಕುಳಿತಿತು. ಅದೇ ವರ್ಷದ ಡಿಸೆಂಬರ್ 1ರಂದು ಅರೆಸಿಬೊದ ದೂರದರ್ಶಕ ಕುಸಿದುಬಿತ್ತು. ಪಟ್ಟಿಯಿಂದ ಸೆಟಿಯ ಹೆಸರನ್ನು ಅಳಿಸಲು ಮನಸ್ಸು ಬಾರದವರ ಗಣಕದಲ್ಲಿ ಅದರ ಪಾಲಿನ ಅಂಕಿ ಹಾಗೆಯೇ ಉಳಿಯುತ್ತದೆ. ಕೆಲಸ ಮಾತ್ರ ಬರುವುದಿಲ್ಲ.