ಪ್ಲಗ್ಗಿನಿಂದ ಶುರುವಾಗುವ ಲೆಕ್ಕ: ಮಗ್ಗೆ ಸೀಮೆಯಲ್ಲಿ ಕಡಿಮೆ ಖರ್ಚಿನ ಗೇಮಿಂಗ್ ಕಂಪ್ಯೂಟರ್

ಹಾಸನ ಜಿಲ್ಲೆಯ ಮಗ್ಗೆ, ಆಲೂರು, ಸಕಲೇಶಪುರದ ಕಡೆ ಮನೆಗೆ ದೊಡ್ಡ ಸಾಮಾನು ಬರುವುದಕ್ಕೆ ಒಂದು ಕಾಲವಿದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚಿವರೆಗೆ. ಕಣದಲ್ಲಿ ಒಣಗಿದ ಕಾಫಿ ಮೂಟೆಯಾಗಿ, ಮಾರಾಟವಾಗಿ, ದುಡ್ಡು ಕೈಸೇರುವ ಹೊತ್ತಿಗೆ ಫೆಬ್ರುವರಿಯೋ ಏಪ್ರಿಲೋ ಆಗಿರುತ್ತದೆ. ಫ್ರಿಡ್ಜು, ಬೈಕು ಬರುವ ಹಾಗೆ ಮಗ ಎರಡು ವರ್ಷದಿಂದ ಕೇಳುತ್ತಿದ್ದ ಗೇಮಿಂಗ್ ಕಂಪ್ಯೂಟರೂ ಆಗಲೇ ಬರುತ್ತದೆ. ಹೂಮಳೆ ಬಾರದ ತೋಟಗಳಲ್ಲಿ ಅದೇ ತಿಂಗಳು ಸ್ಪ್ರಿಂಕ್ಲರ್ ಮೋಟಾರುಗಳು ಓಡುತ್ತಿರುತ್ತವೆ, ಸಂಜೆ ಕರೆಂಟು ಡಿಮ್ಮಾಗುತ್ತದೆ. ಅದರ ಬೆನ್ನಿಗೇ ಅಶ್ವಿನಿ, ಭರಣಿಯ ಗುಡುಗು ಮಳೆ. ಎಂದರೆ, ಹೊಸ ಯಂತ್ರ ಮಗ್ಗೆಯ ಮನೆಯೊಳಗೆ ಕಾಲಿಡುವುದು ವರ್ಷದಲ್ಲೇ ವಿದ್ಯುತ್ತನ್ನು ನಂಬಲಾಗದ ದಿನಗಳಲ್ಲಿ.

ಕಡಿಮೆ ಹಣದಲ್ಲಿ ಆಟದ ಕಂಪ್ಯೂಟರ್ ಜೋಡಿಸುವವರು ಸಾಮಾನ್ಯವಾಗಿ ಬಿಡಿಭಾಗಗಳ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆರಂಭಿಸುತ್ತಾರೆ. ಅರ್ಧದಷ್ಟು ಹಣ ಅಲ್ಲಿಗೇ ಹೋಗುತ್ತದೆ. ಪ್ರೊಸೆಸರ್, ಬೋರ್ಡು, ರ‍್ಯಾಮ್ ಆದಮೇಲೆ ಮಿಕ್ಕ ಚಿಲ್ಲರೆಯಲ್ಲಿ ಒಂದು ಪವರ್ ಸಪ್ಲೈ. ಯುಪಿಎಸ್ ಮುಂದಿನ ವರ್ಷಕ್ಕೆ. ಮಲೆನಾಡಿನಲ್ಲಿ ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು ಎಂಬುದು ಈ ಟಿಪ್ಪಣಿಯ ವಾದ. ಗೋಡೆಯ ಪ್ಲಗ್ಗು ಮೊದಲು, ಕಾರ್ಡು ಕೊನೆಗೆ.

ಮೊದಲು ಮಾರುಕಟ್ಟೆಯ ಮಾತು. ಈ ಭಾಗದವರಿಗೆ ಹಾಸನದಲ್ಲಿ ಅಂಗಡಿಗಳಿದ್ದರೂ, ಆಯ್ಕೆಗೆ ಹೋಗುವುದು ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ. ಸಕಲೇಶಪುರದಿಂದ ಸುಮಾರು 220 ಕಿಲೋಮೀಟರ್. ಕಂಪ್ಯೂಟರ್ ಬಿಡಿಭಾಗಗಳ ಬೆಲೆಗೆ ಆಮದು ಸುಂಕವೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಮರುವರ್ಷ ಸೇರಿತು. ಅದರ ಫಲವಾಗಿ ಇಂಥ ಭಾಗಗಳ ಮೂಲ ಸುಂಕ ಹಂತಹಂತವಾಗಿ ಸೊನ್ನೆಗೆ ಇಳಿಯಿತು. ಉಳಿದಿರುವುದು ಶೇ 18ರ ಜಿಎಸ್‌ಟಿ. ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡು 2021ರಲ್ಲಿ ಬಂದಾಗ ಅಮೆರಿಕದ ಬೆಲೆ, ಅಲ್ಲಿನ ತೆರಿಗೆ ಬಿಟ್ಟು, 329 ಡಾಲರ್. ಡಾಲರಿಗೆ 73 ರೂಪಾಯಿಯಂತೆ ಹಿಡಿದು ಶೇ 18 ಸೇರಿಸಿದರೆ ಸುಮಾರು 28,300 ರೂಪಾಯಿ ಆಗುತ್ತದೆ. ಭಾರತಕ್ಕೆ ಘೋಷಿಸಿದ ಆರಂಭಿಕ ಬೆಲೆ 29,500. ಆ ವರ್ಷ ಆ ಬೆಲೆಗೆ ಕಾರ್ಡು ಸಿಗದಂತೆ ಮಾಡಿದ್ದು ಚಿಪ್ಪುಗಳ ಅಭಾವ ಮತ್ತು ಕ್ರಿಪ್ಟೋ ಗಣಿಗಾರಿಕೆ.

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋ ಜಾಲ ತನ್ನ ಪದ್ಧತಿಯನ್ನೇ ಬದಲಿಸಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ಹಳೇ ಮಾಲಿನ ಮಾರುಕಟ್ಟೆಗೆ ಹರಿದುಬಂದವು. ಎಎಂಡಿಯ 2017ರ ಆರ್‌ಎಕ್ಸ್ 580 ಇಂದಿಗೂ ಅಗ್ಗಕ್ಕೆ ಸಿಗುವುದು ಹೀಗೆ. ಇನ್ನೊಂದು ಹೊಳೆ ಬೆಂಗಳೂರಿನ ಕಂಪನಿಗಳದ್ದು. ಮೂರು ನಾಲ್ಕು ವರ್ಷಕ್ಕೆ ಬದಲಾಗುವ ಕಚೇರಿ ಕಂಪ್ಯೂಟರುಗಳು ಲಾಟುಲಾಟಾಗಿ ಹೊರಬರುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಇದಕ್ಕೆ ಇನ್ನಷ್ಟು ನೀರು ಸೇರಿಸಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅಂಥ ಹಳೆಯದನ್ನು ಕೊಂಡು, ಹೇಗೋ ವಿಂಡೋಸ್ 11 ಹಾಕಿ ವ್ಯಾಲರೆಂಟ್‌ನಂಥ ಆಟ ಆಡುತ್ತೇನೆ ಎಂದುಕೊಂಡ ಹುಡುಗನಿಗೆ ತೊಡಕಾಗಬಹುದು. ಆದ್ದರಿಂದ ಎಂಟನೆಯ ತಲೆಮಾರು ಅಥವಾ ಅದರಿಂದೀಚಿನದ್ದನ್ನೇ ಹುಡುಕುವುದು ಲೇಸು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವಾಗ, ರ‍್ಯಾಮ್ ಸಮೇತ ಬರುವ ಕಚೇರಿ ಯಂತ್ರ ಮೊದಲಿಗಿಂತ ಹೆಚ್ಚು ಯೋಗ್ಯ ಆಯ್ಕೆ ಎಂದು ನನ್ನ ಅಭಿಪ್ರಾಯ.

ಬಿಲ್ಲಿಲ್ಲದೆ ಕೊಂಡರೆ ಶೇ 18 ಉಳಿಯುತ್ತದೆ ಎಂಬ ಆಸೆ ಎಲ್ಲರಿಗೂ ಇದೆ. ಅಂಗಡಿ ಪಕ್ಕದ ಬೀದಿಯಲ್ಲಿದ್ದರೆ ಬಾಯಿಮಾತಿನ ಮೇಲೆ ನಡೆಯಬಹುದೇನೋ. ಕೆಟ್ಟ ಬೋರ್ಡು ಹಿಡಿದುಕೊಂಡು ಒಂದು ದಿನದ ಕೆಲಸ ಕೆಡಿಸಿ ಬಸ್ಸು ಹತ್ತಬೇಕಾದವನಿಗೆ ಸೀರಿಯಲ್ ನಂಬರ್ ಬರೆದ ಬಿಲ್ಲು ಆ ಶೇ 18ಕ್ಕಿಂತ ಬೆಲೆಬಾಳುತ್ತದೆ.

ಇನ್ನು ಮುಖ್ಯ ವಿಷಯ, ಕರೆಂಟು. ಹಾಸನ ಜಿಲ್ಲೆಗೆ ಸರಬರಾಜು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಪುಸ್ತಕದ ಲೆಕ್ಕಕ್ಕೆ ಮನೆಯ ವೋಲ್ಟೇಜು 230. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಒಂಟಿಮನೆಗೆ, ತೋಟದ ನಡುವೆ ಎಳೆದ ಉದ್ದ ತಂತಿಯ ತುದಿಯಲ್ಲಿ, ಮೋಟಾರುಗಳು ಓಡುವ ಸಂಜೆ ಅದು ಎಷ್ಟೋ ಕೆಳಗಿರುತ್ತದೆ. ಇಲ್ಲಿ ಪವರ್ ಸಪ್ಲೈ ಡಬ್ಬಿಯ ಮೇಲಿನ ಚೀಟಿ ಓದುವುದನ್ನು ಕಲಿಯಬೇಕು. ಕೆಲವದರ ಮೇಲೆ 100–240 ವೋಲ್ಟ್ ಎಂದಿರುತ್ತದೆ, ಕೆಲವದರ ಮೇಲೆ 200–240. ಎರಡೂ ನೋಡಲು ಒಂದೇ, ವ್ಯಾಟ್ ಒಂದೇ, ಹೆಸರೂ ಒಂದೇ ಕಂಪನಿಯದಿರಬಹುದು. ಮೊದಲನೆಯದು 170 ವೋಲ್ಟಿಗೂ ಅಲುಗದೆ ನಡೆಯುತ್ತದೆ. ಎರಡನೆಯದು ಅಷ್ಟು ಇಳಿದರೆ ನಡುವಿನಲ್ಲೇ ಕೈಬಿಡಬಹುದು. ಬೆನ್ನಿಗೆ 115/230 ಎಂಬ ಕೆಂಪು ಸ್ವಿಚ್ಚು ಇರುವ ಅಗ್ಗದ ಡಬ್ಬಿಯನ್ನಂತೂ ತರಲೇಬಾರದು. 100–240ರದ್ದು ತಂದರೆ ಡಿಮ್ ಕರೆಂಟಿಗೆಂದು ಬೇರೆ ಸ್ಟೆಬಿಲೈಜರ್ ಬೇಕಿಲ್ಲ. ಡಬ್ಬಿಗೆ ಹೆಚ್ಚು ಕೊಟ್ಟ ಹಣ ಅಲ್ಲೇ ಮರಳಿ ಬಂತು.

ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಮೊದಲೇ ಇರುತ್ತದೆ, ಅದನ್ನೇ ಕಂಪ್ಯೂಟರಿಗೂ ಬಳಸಬಹುದಲ್ಲ ಎನ್ನುತ್ತಾರೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ಕರೆಂಟು ಹೋದಮೇಲೆ ಒಳ್ಳೆಯ ಪವರ್ ಸಪ್ಲೈ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಯುಪಿಎಸ್ ಹತ್ತಕ್ಕಿಂತ ಕಡಿಮೆ ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಆದ್ದರಿಂದ ಯಂತ್ರ ಆರುವುದಿಲ್ಲ. ಮನೆಯ ಇನ್ವರ್ಟರ್ ಸಾಮಾನ್ಯ ಕ್ರಮದಲ್ಲಿ ಅದಕ್ಕಿಂತ ನಿಧಾನ. ಅದರ ಬೆನ್ನಿಗೆ ಯುಪಿಎಸ್ ಎಂಬ ಸ್ವಿಚ್ಚಿದ್ದರೆ ಹಾಕಬಹುದು. ಆದರೆ ಆಗ ವೋಲ್ಟೇಜು 180ಕ್ಕಿಂತ ಇಳಿದಾಗಲೆಲ್ಲ ಅದು ಬ್ಯಾಟರಿಗೆ ಹೋಗುತ್ತದೆ, ಡಿಮ್ಮಾಗುವ ಸಂಜೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಚೌಕ ಅಲೆಯ ಹಳೇ ಇನ್ವರ್ಟರಿಗೆ ಹೊಸ ಪವರ್ ಸಪ್ಲೈಗಳು ಕೆಲವೊಮ್ಮೆ ಒಗ್ಗುವುದೂ ಇಲ್ಲ.

ಇಲ್ಲಿಂದ ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ತಾನಾಗಿ ಹುಟ್ಟುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್. 65 ವ್ಯಾಟ್ ಎಂದು ಬರೆದ ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 80ರ ಆಸುಪಾಸು ಎಳೆಯುತ್ತದೆ, ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನಿಗೆ 30 ಇರಲಿ, ಮಾನಿಟರಿಗೆ 25. ಪವರ್ ಸಪ್ಲೈಯಲ್ಲಿ ಶೇ 13 ಸೋರುತ್ತದೆ ಎಂದು ಹಿಡಿಯೋಣ. 75 ವ್ಯಾಟಿನ ಜಿಟಿಎಕ್ಸ್ 1650 ಹಾಕಿದರೆ ಗೋಡೆಯಿಂದ ಎಳೆಯುವುದು ಸುಮಾರು 240 ವ್ಯಾಟ್. 132 ವ್ಯಾಟಿನ ಆರ್‌ಎಕ್ಸ್ 6600 ಹಾಕಿದರೆ 300. 185 ವ್ಯಾಟಿನ ಆರ್‌ಎಕ್ಸ್ 580 ಹಾಕಿದರೆ 364. ಅಗ್ಗವೆಂದು ತಂದ ಹಳೇ ಕಾರ್ಡು ಅಗ್ಗದ ಯುಪಿಎಸ್ಸಿನ ಮಿತಿ ದಾಟಿತು! ಅದಕ್ಕೆ ದೊಡ್ಡ ಯುಪಿಎಸ್ ಬೇಕು, ಉಳಿತಾಯ ಅಲ್ಲಿಗೆ ಕರಗಿತು. ಅನೇಕ ಜಿಟಿಎಕ್ಸ್ 1650 ಕಾರ್ಡುಗಳು ಬೋರ್ಡಿನ ಸ್ಲಾಟು ಕೊಡುವ 75 ವ್ಯಾಟಿನಲ್ಲೇ ನಡೆಯುವುದರಿಂದ, ಬೇರೆ ತಂತಿ ಬೇಡುವುದಿಲ್ಲ. ಕಚೇರಿ ಯಂತ್ರಗಳ ಸಣ್ಣ ಪವರ್ ಸಪ್ಲೈಗೆ ಅದೇ ಹೊಂದುತ್ತದೆ. ಹೊಸದಾಗಿ ಜೋಡಿಸುವವರಿಗೆ ನನ್ನ ಒಲವು 6600ರ ಕಡೆ.

ಗೃಹಜ್ಯೋತಿಯ ಲೆಕ್ಕವೂ ಇದಕ್ಕೆ ಸೇರುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಮೇಲ್ಮಿತಿ 200 ಯೂನಿಟ್ ಎಂದಿದ್ದರೂ, ಸಾಮಾನ್ಯವಾಗಿ ಮನೆಯ ಪಾಲು 2022–23ರ ಸರಾಸರಿಯ ಮೇಲೆ ಶೇ 10 ಸೇರಿಸಿದಷ್ಟು. ಸರಾಸರಿ 60 ಇದ್ದ ಮನೆಗೆ 66. ದಿನಕ್ಕೆ ಮೂರು ಗಂಟೆ, 250 ವ್ಯಾಟಿನಂತೆ ಆಡಿದರೆ ತಿಂಗಳಿಗೆ 22.5 ಯೂನಿಟ್. ಮನೆಯ ಉಳಿದ ಬಳಕೆ 60 ಯೂನಿಟ್ಟೇ ಇದ್ದರೆ, ಮಿತಿ ದಾಟಿದ ಹದಿನಾರೂವರೆ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಮನೆಯ ಯಜಮಾನರಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಗುಡುಗು ಮಳೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇಲ್ಲಿ ಯಂತ್ರಗಳು ಸಾಯುವುದು ಮೂರು ದಾರಿಯಲ್ಲಿ. ಒಂದು, ನ್ಯೂಟ್ರಲ್ ಹೋಗುವುದು. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಇದ್ದ ಮನೆಗೆ 400ರವರೆಗೂ ನುಗ್ಗಬಹುದು. ಟಿವಿ, ಫ್ರಿಡ್ಜು, ಚಾರ್ಜರು ಒಟ್ಟಿಗೆ ಸುಡುವುದು ಹೆಚ್ಚಾಗಿ ಇದರಿಂದ. ಇದಕ್ಕೆ ಮೀಟರ್ ಬೋರ್ಡಿನ ಪಕ್ಕ ಓವರ್‌ವೋಲ್ಟೇಜ್ ಕಟಾಫ್ ಕೂರಿಸಬೇಕು. ಎರಡು, ಅರ್ಥಿಂಗ್. ಸ್ಪೈಕ್ ಗಾರ್ಡ್ ತನಗೆ ಬಂದ ಹೊಡೆತದ ದೊಡ್ಡ ಪಾಲನ್ನು ನೆಲಕ್ಕೆ ದಾಟಿಸಬೇಕು. ಅರ್ಥ್ ಇಲ್ಲದಿದ್ದರೆ ಎಲ್ಲಿಗೆ ದಾಟಿಸೀತು? ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿ ಪುನರ್ವಸು, ಪುಷ್ಯ ಮಳೆಯಲ್ಲಿ ನೆಂದು ಚೆನ್ನಾಗಿ ಕೆಲಸ ಮಾಡುತ್ತದೆ. ಸಿಡಿಲು ಹೆಚ್ಚಿರುವ ಏಪ್ರಿಲಿನಲ್ಲಿ ಕೆಂಪು ಮಣ್ಣು ಒಣಗಿ ಬಿರಿದು ಅದೇ ಗುಂಡಿ ಸೋಲುತ್ತದೆ. ವಾರಕ್ಕೆರಡು ಕೊಡ ನೀರು ಸುರಿಯುವ ಹಳೆಯ ರೂಢಿಯನ್ನು ಬಿಡಬಾರದು. ಮೂರನೆಯದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಒಂದು ಭರಣಿ ಮಳೆಯ ದಿನ ಪ್ಲಗ್ ಕಿತ್ತಿಟ್ಟಿದ್ದೆವು, ಆದರೂ ಕಂಪ್ಯೂಟರಿನ ಬೋರ್ಡು ಸುಟ್ಟಿತು. ಸಿಡಿಲಿನ ಹೊಡೆತ ಬಂದದ್ದು ಟೆಲಿಫೋನ್ ತಂತಿಯಲ್ಲಿ. ಮೋಡೆಮ್ಮಿನಿಂದ ಲ್ಯಾನ್ ವಯರಿಗೆ, ಅಲ್ಲಿಂದ ಬೋರ್ಡಿಗೆ. ಈಗಿನ ಫೈಬರ್ ಎಳೆ ಗಾಜಿನದು, ಅದು ಸಿಡಿಲನ್ನು ಹೊತ್ತು ತರುವುದಿಲ್ಲ. ಆದರೆ ರೂಟರಿನ ಅಡಾಪ್ಟರು ಗೋಡೆಯಲ್ಲೇ ಇರುತ್ತದೆ. ಆದ್ದರಿಂದ ಗುಡುಗುವಾಗ ಲ್ಯಾನ್ ವಯರನ್ನೂ ಕಿತ್ತಿಡಬೇಕು.

ಜುಲೈ ಮಳೆಯ ಥಂಡಿಗೆ ಕಂಪ್ಯೂಟರ್ ಕೆಡುತ್ತದೆ ಎಂದು ಪ್ಲಾಸ್ಟಿಕ್ ಹೊದಿಸಿ ಆಗಸ್ಟಿನವರೆಗೆ ಮುಚ್ಚಿಡುವವರಿದ್ದಾರೆ. ಇದು ತಿರುವುಮುರುವು. 22 ಡಿಗ್ರಿ ಸೆಲ್ಸಿಯಸ್, ಶೇ 90 ತೇವಾಂಶದ ಗಾಳಿಯಲ್ಲಿ ಹನಿಗಟ್ಟುವ ಬಿಂದು ಸುಮಾರು 20 ಡಿಗ್ರಿ. ಲೋಹದ ಭಾಗ ಗಾಳಿಗಿಂತ ಎರಡು ಡಿಗ್ರಿ ತಣ್ಣಗಾದರೆ ಸಾಕು, ಬೆವರುತ್ತದೆ. ನಡೆಯುತ್ತಿರುವ ಯಂತ್ರ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ನಡೆಸಿ, ಹೊದಿಕೆಗೆ ಹತ್ತಿಬಟ್ಟೆ ಸಾಕು. ಹಲ್ಲಿ, ಇರುವೆ ಹೋಗದಂತೆ ಫ್ಯಾನಿನ ಬಾಯಿಗೆ ಸಣ್ಣ ಜಾಲರಿ. ಇದೇ ಥಂಡಿ ಒಂದು ಉಪಕಾರವನ್ನೂ ಮಾಡುತ್ತದೆ: ಪ್ರೊಸೆಸರಿನ ಜೊತೆಗೇ ಬರುವ ಕೂಲರು ಇಲ್ಲಿ ಧಾರಾಳ ಸಾಕು. ಬಣ್ಣದ ದೀಪದ ಫ್ಯಾನು, ನೀರಿನ ಕೂಲರಿನ ಹಣ ಪೂರ್ತಿ ಉಳಿಯುತ್ತದೆ, ಅದನ್ನು ಪವರ್ ಸಪ್ಲೈಗೆ ಹಾಕಬಹುದು.

ಡಿಸ್ಕಿನ ಲೆಕ್ಕ ಚಿಕ್ಕದು. 100 ಜಿಬಿಯ ಒಂದು ಆಟ ದಿನಕ್ಕೆ 2 ಜಿಬಿ ಕೊಡುವ ಮೊಬೈಲಿನಲ್ಲಿ ಇಳಿಯಲು 50 ದಿನ ಬೇಕು. 40 ಎಂಬಿಪಿಎಸ್ ಫೈಬರಿನಲ್ಲಿ ಐದೂವರೆ ಗಂಟೆ, ಅದೂ ನಡುವೆ ಕರೆಂಟು ಹೋಗದಿದ್ದರೆ. ಬೆಂಗಳೂರಿನಿಂದ ಬರುವ ಅಣ್ಣನ ಹಾರ್ಡ್‌ಡಿಸ್ಕೇ ವೇಗ. ಇಳಿಸಿದ ಆಟವನ್ನು ಅಳಿಸದೆ ಇಟ್ಟುಕೊಳ್ಳಲು 500 ಜಿಬಿಗಿಂತ 1 ಟಿಬಿ ಎಸ್‌ಎಸ್‌ಡಿ ಇಲ್ಲಿ ಜಾಣತನ.

ಇದೆಲ್ಲಕ್ಕೂ ಮೊದಲು ಕೊಳ್ಳಬೇಕಾದದ್ದು ಪ್ಲಗ್ಗಿಗೆ ಚುಚ್ಚುವ ಒಂದು ಡಿಜಿಟಲ್ ವೋಲ್ಟ್‌ಮೀಟರ್. ಕಾಫಿ ಇನ್ನೂ ಕಣದಲ್ಲಿರುವಾಗಲೇ ಅದನ್ನು ಕಂಪ್ಯೂಟರ್ ಕೂರಿಸುವ ಜಾಗದಲ್ಲಿ ಹಾಕಿ, ಬೆಳಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಏಳಕ್ಕೆ ಕಂಡ ಅಂಕಿಯನ್ನು ಕ್ಯಾಲೆಂಡರಿನ ಮೇಲೇ ಒಂದು ತಿಂಗಳು ಬರೆದಿಡಿ. ಎಸ್.ಪಿ. ರಸ್ತೆಗೆ ಹೋಗುವ ದಿನ ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡು ಹೋಗಿ.